ಮನೆಯೊಳಗಿನ ಏಟು, ಹೊರಗಿನ ಕಾನೂನು

ಹೆತ್ತವರು ಮಕ್ಕಳಿಗೆ ಹೊಡೆಯುವುದನ್ನು ಕಾನೂನು ತಡೆಯಬೇಕೆ? ಕಳೆದ ಸಂಚಿಕೆಯಲ್ಲಿ ಇದನ್ನು ಕೇಳಿ ಪತ್ರ ಬರೆಯಿರಿ ಎಂದಿದ್ದೆವು. ಬಂದವುಗಳಲ್ಲಿ ಅರ್ಧ ಪ್ರಶ್ನೆ, ಅರ್ಧ ಬೈಗುಳ. ಬೈಗುಳವನ್ನು ಪಕ್ಕಕ್ಕಿಟ್ಟು ಏಳು ಪ್ರಶ್ನೆಗಳನ್ನು ಆರಿಸಿದ್ದೇವೆ. ಮಕ್ಕಳ ಪ್ರಕರಣಗಳನ್ನು ನಡೆಸುವ ವಕೀಲರು ಮತ್ತು ಮಕ್ಕಳ ಆಪ್ತಸಮಾಲೋಚಕರು ಸೇರಿ ಉತ್ತರಿಸಿದ್ದಾರೆ. ಬರೆದವರ ಹೆಸರು ಬಿಟ್ಟು ಊರು ಮಾತ್ರ ಕೊಟ್ಟಿದ್ದೇವೆ.

ದಾವಣಗೆರೆಯಿಂದ: ಮಗನಿಗೆ ಒಂಬತ್ತು ವರ್ಷ. ಹೋಮ್‌ವರ್ಕ್ ವಿಚಾರಕ್ಕೆ ಒಂದೇಟು ಕೊಟ್ಟೆ. ಪಕ್ಕದ ಮನೆಯವರು ‘ಈಗೆಲ್ಲಾ ಇದು ಕ್ರಿಮಿನಲ್ ಕೇಸು ಕಣ್ರೀ’ ಅಂದರು. ನನ್ನ ಮಗನಿಗೆ ನಾನು ಹೊಡೆದರೂ ಅಪರಾಧವೇ?

ಪಕ್ಕದ ಮನೆಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನಮ್ಮಲ್ಲಿ ಶಾಲೆಯೊಳಗೆ ಹೊಡೆಯುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಅದನ್ನು ನೇರವಾಗಿ ನಿಷೇಧಿಸಿದೆ. ಮಕ್ಕಳ ಪಾಲನಾ ಸಂಸ್ಥೆಗಳಲ್ಲೂ ಹೊಡೆಯುವಂತಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 82ನೇ ಕಲಮಿನಡಿ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಮತ್ತೆ ಮಾಡಿದರೆ ಮೂರು ತಿಂಗಳವರೆಗೆ ಜೈಲು. ಮನೆಯ ವಿಷಯ ಬಂದಾಗ ಮಾತ್ರ ಕಾನೂನು ಬಾಯಿ ಬಿಡುವುದಿಲ್ಲ. ಹೆತ್ತವರು ಹೊಡೆಯಬಹುದು ಎಂದು ಎಲ್ಲೂ ಬರೆದಿಲ್ಲ, ಹೊಡೆಯಬಾರದು ಎಂದೂ ಬರೆದಿಲ್ಲ.

ಬರೆದಿರುವುದು ಇಷ್ಟು. ಯಾರಿಗೇ ಆಗಲಿ ಬೇಕೆಂದೇ ನೋವುಂಟು ಮಾಡಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 115(2)ರ ಪ್ರಕಾರ ಅಪರಾಧ. ಒಂದು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹೆತ್ತವರಿಗೆ ರಿಯಾಯಿತಿ ಸಿಗುವುದು 27ನೇ ಕಲಮಿನಲ್ಲಿ: ಹನ್ನೆರಡು ವರ್ಷದೊಳಗಿನ ಮಗುವಿನ ಒಳಿತಿಗಾಗಿ ಪೋಷಕರು ಸದ್ಭಾವನೆಯಿಂದ ಮಾಡಿದ್ದು ಅಪರಾಧವಲ್ಲ. ಇದು 1860ರ ದಂಡ ಸಂಹಿತೆಯ 89ನೇ ಕಲಂ. 2024ರ ಜುಲೈ 1ರಿಂದ ಅದರ ಜಾಗಕ್ಕೆ ನ್ಯಾಯ ಸಂಹಿತೆ ಬಂದು ನಂಬರ್ ಬದಲಾಗಿದೆ, ತಿರುಳು ಅದೇ. ಆ ಕಲಮಿನ ಕೆಳಗೆ ಕೊಟ್ಟಿರುವ ಉದಾಹರಣೆಯನ್ನು ಒಮ್ಮೆ ಓದಬೇಕು. ಮಗುವಿನ ಹೊಟ್ಟೆಯೊಳಗಿನ ಕಲ್ಲು ತೆಗೆಸಲು ಅಪ್ಪ ವೈದ್ಯರಿಂದ ಶಸ್ತ್ರಚಿಕಿತ್ಸೆ ಮಾಡಿಸುತ್ತಾನೆ, ಮಗು ಒಪ್ಪಿರುವುದಿಲ್ಲ, ಆದರೂ ಅಪ್ಪ ತಪ್ಪಿತಸ್ಥನಲ್ಲ. ಕಲ್ಲು ತೆಗೆಸಲು ಕೊಟ್ಟ ರಿಯಾಯಿತಿಯೇ ಬರಬರುತ್ತಾ ಬೆತ್ತಕ್ಕೂ ರಿಯಾಯಿತಿಯಾಯಿತು.

ಇದರಲ್ಲೊಂದು ವಿಚಿತ್ರವಿದೆ. ಹನ್ನೆರಡು ತುಂಬಿದ ಮೇಲೆ 27ನೇ ಕಲಂ ಅನ್ವಯಿಸುವುದಿಲ್ಲ. ಅಂದರೆ ಹದಿಮೂರರ ಹುಡುಗನಿಗೆ ಹೊಡೆದ ಅಪ್ಪನಿಗೆ ಈ ಗುರಾಣಿ ಇಲ್ಲ, ಐದರ ಕೂಸಿಗೆ ಹೊಡೆದವನಿಗೆ ಇದೆ. ತಿರುಗಿ ಮಾತಾಡಬಲ್ಲ ಮಗುವಿಗೆ ಹೆಚ್ಚು ರಕ್ಷಣೆ, ಮಾತೇ ಬಾರದ ಮಗುವಿಗೆ ಕಡಿಮೆ.

ಗುರಾಣಿಗೂ ಮಿತಿಯುಂಟು. ಸಂಹಿತೆಯ ಪ್ರಕಾರ ತಕ್ಕ ಎಚ್ಚರಿಕೆ, ಗಮನ ಇಲ್ಲದೆ ಮಾಡಿದ್ದು ಸದ್ಭಾವನೆ ಆಗುವುದೇ ಇಲ್ಲ. ಕುಡಿದು ಬಂದು ಹೊಡೆದದ್ದು, ಆಫೀಸಿನ ಸಿಟ್ಟನ್ನು ಮಗುವಿನ ಮೇಲೆ ತೀರಿಸಿದ್ದು ಇದರೊಳಗೆ ಬರುವುದಿಲ್ಲ. ಬೇಕೆಂದೇ ಮಾಡಿದ ‘ತೀವ್ರ ಗಾಯ’ಕ್ಕೂ ಶಿಸ್ತಿನ ನೆಪ ನಡೆಯದು. ಮೂಳೆ ಮುರಿದದ್ದು, ಹಲ್ಲು ಹೋದದ್ದು, ಒಂದು ಕಿವಿಯ ಶಕ್ತಿ ಶಾಶ್ವತವಾಗಿ ಹೋದದ್ದು, ಹದಿನೈದು ದಿನ ತೀವ್ರ ನೋವು ಅನುಭವಿಸಿದ್ದು ಎಲ್ಲವೂ ಆ ಪಟ್ಟಿಯಲ್ಲಿವೆ, ಶಿಕ್ಷೆ ಏಳು ವರ್ಷದವರೆಗೆ. ಕಾಯಿಸಿದ ಸೌಟಿನಿಂದ ಬರೆ ಹಾಕುವುದಕ್ಕೆ ಬೇರೆಯೇ ಕಲಂ ಇದೆ, 118(1). ಬೆಂಕಿ ಅಥವಾ ಕಾದ ವಸ್ತುವಿನಿಂದ ನೋಯಿಸಿದರೆ ಮೂರು ವರ್ಷದವರೆಗೆ ಜೈಲು.

ಇವೆಲ್ಲದರ ಜೊತೆಗೆ ಬಾಲನ್ಯಾಯ ಕಾಯ್ದೆಯ 75ನೇ ಕಲಂ. ಮಗುವನ್ನು ತನ್ನ ಸುಪರ್ದಿಯಲ್ಲಿಟ್ಟುಕೊಂಡವರು ಅದಕ್ಕೆ ಅನಗತ್ಯವಾದ ದೈಹಿಕ, ಮಾನಸಿಕ ನೋವು ಆಗುವಂತೆ ಹೊಡೆದರೆ, ಹಿಂಸಿಸಿದರೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿ ದಂಡ. ಹೆತ್ತವರೂ ಇದರೊಳಗೆ ಬರುತ್ತಾರೆ. ‘ಅನಗತ್ಯ’ ಎಂಬ ಪದವನ್ನು ಎಳೆದಾಡುವುದರಲ್ಲೇ ವಾದ ಮುಗಿಯುತ್ತದೆ.

ನಿಮ್ಮ ಒಂದೇಟಿಗೆ ಜೈಲಾಗುವುದಿಲ್ಲ. ಸಾಮಾನ್ಯ ಬುದ್ಧಿಯವರು ದೂರು ಹೇಳದಷ್ಟು ಸಣ್ಣ ನೋವನ್ನು ನ್ಯಾಯ ಸಂಹಿತೆಯ 33ನೇ ಕಲಂ ಅಪರಾಧದಿಂದಲೇ ಹೊರಗಿಟ್ಟಿದೆ. 115(2)ರ ದೂರು ಬಂದರೂ ಠಾಣೆಯಲ್ಲಿ ಎಫ್‌ಐಆರ್ ಹಾಕದೆ ಎನ್‌ಸಿಆರ್ (ಪೊಲೀಸರು ತಾವಾಗಿ ತನಿಖೆ ಮಾಡಲಾಗದ ಅಪರಾಧಗಳ ದಾಖಲೆ) ಬರೆದುಕೊಳ್ಳುತ್ತಾರೆ, ತನಿಖೆಗೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಆದರೆ ಏಟು ಎಲ್ಲಿ ಬಿತ್ತು ಎಂದು ನೀವು ಬರೆದಿಲ್ಲ. ಅಂಗೈ ಚಪ್ಪಟೆಯಾಗಿ ಕಿವಿಯ ಮೇಲೆ ಬಿದ್ದರೆ ಒಳಗೆ ಸಿಕ್ಕ ಗಾಳಿಯ ಒತ್ತಡಕ್ಕೆ ಕಿವಿತಮಟೆ ಹರಿಯುತ್ತದೆ. ಮಗ ಎರಡು ದಿನದಿಂದ ‘ಆಂ?’ ಎನ್ನುತ್ತಿದ್ದರೆ, ಕಿವಿಯಲ್ಲಿ ನೀರು ಅಥವಾ ರಕ್ತ ಕಂಡರೆ ಎಣ್ಣೆ ಬಿಡಬೇಡಿ. ಕಿವಿ ಡಾಕ್ಟರಿಗೆ ತೋರಿಸಿ, ಏಟು ಬಿದ್ದದ್ದನ್ನು ಮುಚ್ಚಿಡದೆ ಹೇಳಿ.

ಬ್ರಿಸ್ಟಲ್‌ನಿಂದ: ನಾವು ತುಮಕೂರಿನವರು. ನಾನಿಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಮುಂದಿನ ತಿಂಗಳು ಕಾರ್ಡಿಫ್‌ಗೆ ಮನೆ ಬದಲಿಸುತ್ತಿದ್ದೇವೆ. ಅದೇ ಹೊತ್ತಿಗೆ ಅತ್ತೆ ಮಾವ ಬರುತ್ತಾರೆ. ಮೊಮ್ಮಕ್ಕಳ ತಲೆಗೆ ಮೊಟಕುವುದು, ತೊಡೆಗೆ ಚಿವುಟುವುದು ಅತ್ತೆಯವರ ರೂಢಿ. ವೇಲ್ಸ್‌ನಲ್ಲಿ ಕಾನೂನು ಬಿಗಿ ಎನ್ನುತ್ತಾರೆ, ನಿಜವೇ?

ನಿಜ. ನೀವು ಸೆವರ್ನ್ ಸೇತುವೆ ದಾಟುತ್ತಿದ್ದಂತೆ ಕಾನೂನು ಬದಲಾಗುತ್ತದೆ. ಇಂಗ್ಲೆಂಡಿನಲ್ಲಿ ‘ಸಮಂಜಸ ಶಿಕ್ಷೆ’ ಎಂಬ ಸಮರ್ಥನೆ ಇನ್ನೂ ಉಳಿದಿದೆ. ಅದರ ಬೇರು 1860ರ ಹಾಪ್ಲಿ ಪ್ರಕರಣದಲ್ಲಿದೆ. ಹುಡುಗನೊಬ್ಬನನ್ನು ಹೊಡೆದು ಕೊಂದ ಶಾಲಾ ಮಾಸ್ತರನಿಗೆ ಶಿಕ್ಷೆಯಾಯಿತು, ಆದರೆ ಮಿತವಾಗಿ ಹೊಡೆಯುವುದು ಸರಿ ಎಂಬ ಮಾತು ಅದೇ ತೀರ್ಪಿನೊಳಗೆ ಉಳಿದುಕೊಂಡಿತು. 2004ರ ಮಕ್ಕಳ ಕಾಯ್ದೆಯ 58ನೇ ಕಲಂ ಅದನ್ನು ಕಿರಿದುಮಾಡಿತು. ಚರ್ಮ ಸ್ವಲ್ಪ ಹೊತ್ತು ಕೆಂಪಾಗುವಷ್ಟಕ್ಕೆ ಸಮರ್ಥನೆ ಇದೆ, ಬಾಸುಂಡೆ ಬಂದರೆ ಇಲ್ಲ.

ವೇಲ್ಸ್‌ನಲ್ಲಿ 2022ರ ಮಾರ್ಚ್ 21ರಿಂದ ಆ ಸಮರ್ಥನೆಯೇ ಇಲ್ಲ. ದೊಡ್ಡವರಿಗೆ ಹೊಡೆದರೆ ಏನೋ ಮಕ್ಕಳಿಗೆ ಹೊಡೆದರೂ ಅದೇ. ಹೆತ್ತವರಿಗಷ್ಟೇ ಅಲ್ಲ, ಅಜ್ಜಿಗೂ ಅನ್ವಯ. ಆರು ತಿಂಗಳ ವೀಸಾದಲ್ಲಿ ಬಂದವರಿಗೂ ಅನ್ವಯ.

ಸಾಮಾನ್ಯವಾಗಿ ಆಗುವುದು ಹೀಗೆ. ಮಗು ಶಾಲೆಯಲ್ಲಿ ‘ಅಜ್ಜಿ ತಲೆಗೆ ಕುಟ್ಟಿದರು’ ಎನ್ನುತ್ತದೆ. ಶಿಕ್ಷಕಿ ಅದನ್ನು ಶಾಲೆಯ ಮಕ್ಕಳ ಸುರಕ್ಷತಾ ಹೊಣೆಗಾರರಿಗೆ ತಿಳಿಸುತ್ತಾರೆ. ಅಲ್ಲಿಂದ ಸ್ಥಳೀಯ ಆಡಳಿತದ ಸಮಾಜಸೇವಾ ವಿಭಾಗಕ್ಕೆ, ಬೇಕಿದ್ದರೆ ಪೊಲೀಸರಿಗೆ. ಸಣ್ಣ ಪ್ರಕರಣವಾದರೆ ಕೋರ್ಟಿನ ಬದಲು ಪಾಲನೆಯ ತರಬೇತಿಗೆ ಸೇರಿಸುವ ವ್ಯವಸ್ಥೆಯನ್ನು ಅಲ್ಲಿನ ಸರ್ಕಾರ ಇದೇ ಕಾನೂನಿಗೆಂದು ಮಾಡಿಟ್ಟಿದೆ. ಆ ಅವಕಾಶ ಕೊಟ್ಟರೆ ಬಿಡಬೇಡಿ. ನಿಮ್ಮ ಹೆಸರಿನಲ್ಲಿ ಪೊಲೀಸರ ಎಚ್ಚರಿಕೆ ಅಥವಾ ಶಿಕ್ಷೆ ದಾಖಲಾದರೆ ನರ್ಸ್ ಕೆಲಸಕ್ಕೆ ಮಾಡುವ ಡಿಬಿಎಸ್ (ಹಿಂದಿನ ಅಪರಾಧಗಳ) ಪರಿಶೀಲನೆಯಲ್ಲಿ ಅದು ಎದ್ದು ಬರಬಹುದು. ನಿಮ್ಮ ಮಟ್ಟಿಗೆ ಜೈಲಿಗಿಂತ ಇದೇ ದೊಡ್ಡ ಪೆಟ್ಟು. ಠಾಣೆಗೆ ಕರೆದರೆ ಉಚಿತ ವಕೀಲರನ್ನು ಕೇಳುವ ಹಕ್ಕಿದೆ. ಅತ್ತೆಯವರಿಗೆ ಇಂಗ್ಲಿಷ್ ಬಾರದಿದ್ದರೆ ಕನ್ನಡ ದುಭಾಷಿಯನ್ನು ಕೇಳಿ, ಮಗುವಿನ ಕೈಯಲ್ಲಿ ಅನುವಾದ ಮಾಡಿಸಬೇಡಿ.

ಈ ಮನೆಗಳಲ್ಲಿ ಎಡವುವುದು ಎರಡು ಕಡೆ. ಒಂದು, ‘ಸ್ಕೂಲಲ್ಲಿ ಹೇಳಬೇಡ’ ಎಂದು ಮಗುವಿಗೆ ಪಾಠ ಹೇಳಿಕೊಡುವುದು. ಮಗು ‘ಹೇಳಬಾರದು ಅಂದಿದ್ದಾರೆ’ ಎಂಬುದನ್ನೂ ಸೇರಿಸಿ ಹೇಳುತ್ತದೆ, ಸಣ್ಣದು ದೊಡ್ಡದಾಗುತ್ತದೆ. ಇನ್ನೊಂದು, ಅತ್ತೆಗೆ ಸೊಸೆ ಬುದ್ಧಿ ಹೇಳುವುದು. ಅದನ್ನು ಅವರ ಮಗ ಹೇಳಲಿ, ಟಿಕೆಟ್ ಬುಕ್ ಆಗುವ ಮೊದಲೇ ಹೇಳಲಿ. ‘ಅಮ್ಮಾ, ನೀನು ಮಾಡುವುದು ತಪ್ಪು’ ಎಂದರೆ ಜಗಳ. ‘ಅಮ್ಮಾ, ಇಲ್ಲಿ ಹಾಗೆ ಮಾಡಿದರೆ ಇವಳ ಕೆಲಸಕ್ಕೆ ಕುತ್ತು’ ಎಂದರೆ ಅರ್ಥವಾಗುತ್ತದೆ.

ಸ್ಕಾಟ್ಲೆಂಡಿಗೆ ಹೋದರೂ ಇದೇ ಕಥೆ (2020ರ ನವೆಂಬರ್‌ನಿಂದ), ಐರ್ಲೆಂಡಿನಲ್ಲೂ ಇದೇ (2015ರ ಡಿಸೆಂಬರ್‌ನಿಂದ). ಜರ್ಮನಿಯಲ್ಲಿ 2000ದಿಂದ ಮಗುವಿಗೆ ‘ಹಿಂಸೆಯಿಲ್ಲದ ಪಾಲನೆಯ ಹಕ್ಕು’ ಇದೆ. ಜಪಾನ್ 2020ರಲ್ಲಿ, ದಕ್ಷಿಣ ಕೊರಿಯಾ 2021ರಲ್ಲಿ ಆ ದಾರಿಗೆ ಬಂದವು.

ಧಾರವಾಡದಿಂದ: ‘ದಂಡಂ ದಶಗುಣಂ ಭವೇತ್’ ಅಂತ ಹಿರ್ಯಾರು ಸುಮ್ಮನ ಹೇಳ್ಯಾರೇನ್ರಿ? ನಮ್ಮಪ್ಪ ಬಾರಕೋಲಿಂದ ಬಾರಿಸ್ಯಾನ, ನಾವೇನ ಕೆಟ್ಟ ಹೋಗೇವೇನು? ಪಾಶ್ಚಾತ್ಯರ ಹುಚ್ಚು ನಮಗ ಯಾಕ ಬೇಕು?

ಆ ಶ್ಲೋಕ ಪೂರ್ತಿ ಹೀಗಿದೆ, ರಾಯರೇ:

ವಿಶ್ವಾಮಿತ್ರಾಹಿಪಶುಷು ಕರ್ದಮೇಷು ಜಲೇಷು ಚ ।
ಅಂಧೇ ತಮಸಿ ವಾರ್ಧಕ್ಯೇ ದಂಡಂ ದಶಗುಣಂ ಭವೇತ್ ॥

ಇಲ್ಲಿ ವಿಶ್ವಾಮಿತ್ರ ಋಷಿಯಿಲ್ಲ. ವಿ ಅಂದರೆ ಹಕ್ಕಿ, ಶ್ವಾ ಅಂದರೆ ನಾಯಿ, ಅಮಿತ್ರ ಶತ್ರು, ಅಹಿ ಹಾವು, ಪಶು ದನ. ಜೊತೆಗೆ ಕೆಸರು, ನೀರು, ಕುರುಡು, ಕತ್ತಲೆ, ಮುಪ್ಪು. ಕೋಲು ಉಪಯೋಗಕ್ಕೆ ಬರುವ ಹತ್ತು ಕಡೆ ಇವು. ಎಣಿಸಿ ನೋಡಿ, ಮಕ್ಕಳು ಇಲ್ಲ. ಇದು ಊರುಗೋಲಿನ ಶ್ಲೋಕ.

ನಿಮ್ಮ ಕಡೆಗೆ ವಾದಿಸುವ ಶ್ಲೋಕವೂ ಇದೆ, ಅದನ್ನು ಮುಚ್ಚಿಡಬಾರದು. ಚಾಣಕ್ಯನ ಹೆಸರಿನಲ್ಲಿ ಓಡಾಡುವ ‘ಲಾಲಯೇತ್ ಪಂಚವರ್ಷಾಣಿ’ ಐದು ವರ್ಷ ಮುದ್ದಿಸು, ಹತ್ತು ವರ್ಷ ಹೊಡೆ, ಹದಿನಾರಕ್ಕೆ ಗೆಳೆಯನಂತೆ ನೋಡು ಎನ್ನುತ್ತದೆ. ಮನುಸ್ಮೃತಿಯ ಎಂಟನೇ ಅಧ್ಯಾಯ ಹೆಂಡತಿ, ಮಗ, ದಾಸ, ಸೇವಕ, ಒಡಹುಟ್ಟಿದ ತಮ್ಮ ತಪ್ಪು ಮಾಡಿದರೆ ಹಗ್ಗದಿಂದಲೋ ಬಿದಿರ ಸೀಳಿನಿಂದಲೋ ಹೊಡೆಯಬಹುದು, ಬೆನ್ನಿಗೆ ಮಾತ್ರ, ತಲೆಗೆ ಕೂಡದು ಎನ್ನುತ್ತದೆ. ಈಗ ಆ ಪಟ್ಟಿಯನ್ನೇ ತೆಗೆದುಕೊಳ್ಳಿ. ದಾಸ್ಯ ಹೋಯಿತು. ಆಳಿಗೆ ಹೊಡೆದರೆ ಕೇಸು. ಹೆಂಡತಿಗೆ 2005ರ ಕೌಟುಂಬಿಕ ಹಿಂಸೆ ಕಾಯ್ದೆ ಬಂತು. ಆ ಪಟ್ಟಿಯಲ್ಲಿಲ್ಲದ ಶಿಷ್ಯನಿಗೂ ಶಿಕ್ಷಣ ಹಕ್ಕು ಕಾಯ್ದೆ ಬಂತು. ಒಬ್ಬೊಬ್ಬರನ್ನೇ ಹೊರಗೆ ತಂದೆವು, ಕೊನೆಗೆ ಒಳಗುಳಿದವನು ಮಗ ಒಬ್ಬನೇ. ಇದರಲ್ಲಿ ಪಾಶ್ಚಾತ್ಯರ ಹುಚ್ಚು ಎಲ್ಲಿದೆ? ದಕ್ಷಿಣ ಏಷ್ಯಾದಲ್ಲಿ ಮನೆಯೊಳಗಿನ ಏಟನ್ನು ಮೊದಲು ನಿಷೇಧಿಸಿದ್ದು ನೇಪಾಳ, 2018ರ ಮಕ್ಕಳ ಕಾಯ್ದೆಯಲ್ಲಿ.

ಹೊಡೆಸಿಕೊಂಡವರೆಲ್ಲ ಕೆಡುವುದಿಲ್ಲ ಎಂಬ ನಿಮ್ಮ ಮಾತು ಸರಿ. ಅಮೆರಿಕದ ಟೆಕ್ಸಾಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಸಂಶೋಧಕರು 2016ರಲ್ಲಿ 75 ಅಧ್ಯಯನಗಳನ್ನು, ಸುಮಾರು 1,60,000 ಮಕ್ಕಳ ಮಾಹಿತಿಯನ್ನು ಒಟ್ಟಿಗೆ ಜರಡಿ ಹಿಡಿದರು. ಬರಿಗೈಯಿಂದ ಹೊಡೆಯುವುದಕ್ಕೂ ನೋಡಿದ 17 ಪರಿಣಾಮಗಳ ಪೈಕಿ 13ಕ್ಕೂ ನಂಟು ಸಿಕ್ಕಿತು, ಎಲ್ಲವೂ ಕೆಟ್ಟ ದಿಕ್ಕಿಗೆ: ಹೆಚ್ಚು ಆಕ್ರಮಣಶೀಲತೆ, ಹೆಚ್ಚು ಮಾನಸಿಕ ತೊಂದರೆ, ಹೆತ್ತವರೊಡನೆ ಹಳಸಿದ ಸಂಬಂಧ. ನಂಟಿನ ಬಲ ಚಿಕ್ಕದು. ತುಂಟರಿಗೇ ಹೆಚ್ಚು ಏಟು ಬೀಳುತ್ತದಲ್ಲ, ಯಾವುದು ಕಾರಣ ಯಾವುದು ಪರಿಣಾಮ ಎಂಬ ತಕರಾರೂ ಇದೆ. ಆದರೆ ಹೊಡೆದದ್ದರಿಂದ ಮಕ್ಕಳು ದೀರ್ಘಕಾಲಕ್ಕೆ ಸುಧಾರಿಸಿದರು ಎಂದು ಆ ರಾಶಿಯಲ್ಲಿ ಕಾಣಲಿಲ್ಲ. ಬಾರಕೋಲಿನ ಪರವಾಗಿ ಹೇಳಬೇಕಾದವರು ತೋರಿಸಬೇಕಾದದ್ದು ಅದನ್ನೇ.

ಮೈಸೂರಿನಿಂದ: ಬೆಳಿಗ್ಗೆ ಏಳೂವರೆಗೆ ಸ್ಕೂಲ್ ವ್ಯಾನ್. ನಾಲ್ಕು ವರ್ಷದ ಮಗಳು ಶೂ ಹಾಕಿಕೊಳ್ಳಲ್ಲ, ನೆಲಕ್ಕೆ ಬಿದ್ದು ಹೊರಳಾಡುತ್ತಾಳೆ. ಒಂದೇಟು ಬಿದ್ದ ಮೇಲೇ ಕಾಲು ಚಾಚುವುದು. ಹೊಡೆಯಬೇಡಿ ಅನ್ನುವವರು ಮತ್ತೇನು ಮಾಡಬೇಕು ಅಂತ ಮಾತ್ರ ಹೇಳಲ್ಲ.

ದೂರು ನ್ಯಾಯವಾದದ್ದು, ಆದ್ದರಿಂದ ಬಿಡಿಸಿಯೇ ಬರೆಯುತ್ತೇವೆ.

ಮೊದಲು, ನಿಮ್ಮ ಮನೆಯಲ್ಲಿ ಏಟು ಏಕೆ ‘ಕೆಲಸ ಮಾಡುತ್ತದೆ’ ಎಂದು ನೋಡಿ. ಅಡುಗೆಮನೆಯಿಂದ ‘ಶೂ ಹಾಕ್ಕೊಳೇ’ ಎಂದು ಏಳೆಂಟು ಸಲ ಕೂಗುತ್ತೀರಿ. ಕೂಗಿದಾಗ ಏನೂ ಆಗುವುದಿಲ್ಲ, ಏಟು ಬಿದ್ದಾಗ ಮಾತ್ರ ಆಗುತ್ತದೆ. ಹಾಗಾಗಿ ಮಗಳು ಕಲಿತದ್ದು ಇಷ್ಟೇ: ಅಮ್ಮನ ಮೊದಲ ಏಳು ಮಾತಿಗೆ ಬೆಲೆಯಿಲ್ಲ, ಎಂಟನೆಯದಕ್ಕೆ ಕಾದರಾಯಿತು. ಬದಲಾಗಬೇಕಾದದ್ದು ಈ ಎಣಿಕೆ.

ಒಲೆ ಸಣ್ಣ ಮಾಡಿ ಅವಳ ಹತ್ತಿರ ಹೋಗಿ. ಕುಕ್ಕರಗಾಲಲ್ಲಿ ಕೂತು ಕಣ್ಣಿಗೆ ಕಣ್ಣು ಸೇರಿಸಿ, ಒಂದೇ ಕೆಲಸ ಹೇಳಿ: ‘ಬಲಗಾಲು ಕೊಡು.’ ‘ಶೂ ಹಾಕ್ಕೋತೀಯಾ?’ ಎಂದು ಕೇಳಬೇಡಿ, ಕೇಳಿದರೆ ‘ಇಲ್ಲ’ ಎನ್ನುವ ಹಕ್ಕನ್ನು ನೀವೇ ಕೊಟ್ಟಂತೆ. ಬಾಯಿ ಮುಚ್ಚಿ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಈ ಐದು ಸೆಕೆಂಡು ಬಹಳ ಜನಕ್ಕೆ ತಡೆಯುವುದಿಲ್ಲ, ಎರಡಕ್ಕೇ ಮತ್ತೆ ಕೂಗಿಬಿಡುತ್ತಾರೆ. ಕಾಲು ಕೊಟ್ಟಳೋ, ಆ ಕ್ಷಣವೇ ಏನು ಮಾಡಿದಳೆಂದು ಹೆಸರಿಟ್ಟು ಹೊಗಳಿ: ‘ಹೇಳಿದ ತಕ್ಷಣ ಕಾಲು ಕೊಟ್ಟೆ!’ ಬರೀ ‘ಗುಡ್ ಗರ್ಲ್’ ಎಂದರೆ ಯಾವುದಕ್ಕೆಂದು ಅವಳಿಗೆ ತಿಳಿಯುವುದಿಲ್ಲ.

ಕೊಡದಿದ್ದರೆ ಒಂದೇ ಒಂದು ಎಚ್ಚರಿಕೆ, ಫಲಿತಾಂಶದ ಸಮೇತ: ‘ಕಾಲು ಕೊಡದಿದ್ದರೆ ಮೂಲೆ ಕುರ್ಚಿ.’ ಮತ್ತೆ ಐದು ಎಣಿಸಿ. ಆಗಲೂ ಇಲ್ಲವೆಂದರೆ ಬೈಯದೆ ಕರೆದೊಯ್ದು ಕೂರಿಸಿ. ಇದೇ ಟೈಮ್‌ಔಟ್. ಲೆಕ್ಕ ವರ್ಷಕ್ಕೊಂದು ನಿಮಿಷ, ನಾಲ್ಕು ವರ್ಷಕ್ಕೆ ನಾಲ್ಕು. ಐದು ನಿಮಿಷ ದಾಟಿಸುವುದರಿಂದ ಲಾಭವಿಲ್ಲ. ಕೊನೆಯ ಕೆಲವು ಸೆಕೆಂಡು ಅಳು ನಿಂತಿರುವಾಗ ಎಬ್ಬಿಸಿ, ಅಳುವಾಗ ಎಬ್ಬಿಸಿದರೆ ಅತ್ತದ್ದಕ್ಕೇ ಬಿಡುಗಡೆ ಸಿಕ್ಕಂತೆ. ಎದ್ದ ಮೇಲೆ ಹಳೆಯ ಮಾತನ್ನೇ ಮತ್ತೆ ಹೇಳಿ: ‘ಬಲಗಾಲು ಕೊಡು.’ ಇದನ್ನು ಬಿಟ್ಟರೆ ಕುರ್ಚಿ ಶೂನಿಂದ ತಪ್ಪಿಸಿಕೊಳ್ಳುವ ದಾರಿಯಾಗುತ್ತದೆ.

ಹಾಳಾಗುವುದು ಎಲ್ಲೆಂದರೆ: ಕೂರಿಸಿ ಉಪದೇಶ ಕೊಡುವುದು (ಮಾತೂ ಗಮನವೇ, ಅದಕ್ಕೇ ಹಠ). ಬಚ್ಚಲಿಗೋ ಕತ್ತಲೆ ಕೋಣೆಗೋ ಕೂಡಿಹಾಕುವುದು, ಇದು ಹೆದರಿಕೆ, ಟೈಮ್‌ಔಟ್ ಅಲ್ಲ. ಅಜ್ಜ ಬಂದು ಎತ್ತಿಕೊಂಡು ಹೋಗುವುದು. ಮೂರು ದಿನ ಮಾಡಿ ನಾಲ್ಕನೇ ದಿನ ಬಿಡುವುದು. ಶುರುಮಾಡಿದ ಮೊದಲ ವಾರ ಹಠ ಹೆಚ್ಚೇ ಆಗುತ್ತದೆ. ನಡೆಯುತ್ತಿದ್ದ ಉಪಾಯ ನಡೆಯದಾದಾಗ ಮಗು ಅದನ್ನೇ ಜೋರಾಗಿ ಪ್ರಯತ್ನಿಸುತ್ತದೆ. ಬಹುತೇಕರು ‘ಇದೆಲ್ಲಾ ನಮ್ಮ ಮಕ್ಕಳಿಗಲ್ಲ’ ಎಂದು ಕೈಬಿಡುವುದು ಆಗಲೇ. ಆದ್ದರಿಂದ ವ್ಯಾನ್ ಇಲ್ಲದ ಭಾನುವಾರದಂದು ಶುರುಮಾಡಿ. ಶೂ ರಾತ್ರಿಯೇ ಬಾಗಿಲ ಬಳಿ ಇರಲಿ, ಎಬ್ಬಿಸುವುದು ಹದಿನೈದು ನಿಮಿಷ ಮುಂಚೆ ಆಗಲಿ. ಮಗಳ ಹಠದಲ್ಲಿ ಅರ್ಧ ನಿದ್ದೆಯದ್ದು.

ಈ ಕುರ್ಚಿ ಸುಮಾರು ಮೂರರಿಂದ ಎಂಟು ವರ್ಷದವರೆಗೆ ನಡೆಯುತ್ತದೆ. ಹದಿಹರೆಯದವರಿಗೆ ಇದು ಅವಮಾನ. ಅವರಿಗೆ ಮೊದಲೇ ಒಪ್ಪಿಕೊಂಡ, ಒಂದು ದಿನಕ್ಕೆ ಮುಗಿಯುವ ಕಡಿತ ಸಾಕು. ಮೊಬೈಲ್ ಒಂದು ತಿಂಗಳು ಕಿತ್ತುಕೊಂಡರೆ ಎರಡನೇ ದಿನಕ್ಕೆ ಕಳೆದುಕೊಳ್ಳಲು ಅವರ ಬಳಿ ಏನೂ ಉಳಿದಿರುವುದಿಲ್ಲ. ಇನ್ನು ಕೈಗೂಸಿಗೆ ಶಿಸ್ತು ಎಂಬುದೇ ಇಲ್ಲ. ಕೂಸಿನ ಅಳು ಎರಡನೇ ತಿಂಗಳ ಹೊತ್ತಿಗೆ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. ತಾಳ್ಮೆ ಮೀರಿದರೆ ಕೂಸನ್ನು ಅಂಗಾತ ಮಲಗಿಸಿ ಐದು ನಿಮಿಷ ಹೊರಗೆ ನಿಲ್ಲಿ. ಹಿಡಿದು ಕುಲುಕಬೇಡಿ. ಕತ್ತು ನಿಲ್ಲದ ಮಗುವನ್ನು ಕುಲುಕಿದರೆ ಮೆದುಳಿನ ಸುತ್ತಲ ನಾಳಗಳು ಹರಿದು ಒಳಗೇ ರಕ್ತಸ್ರಾವವಾಗುತ್ತದೆ, ಹೊರಗೆ ಒಂದು ಗಾಯವೂ ಕಾಣಿಸುವುದಿಲ್ಲ.

ಹಾಸನದಿಂದ: ಎದುರು ಮನೆಯ ಹುಡುಗನಿಗೆ ದಿನಾ ಏಟು. ಕಿರುಚುವುದು ಬೀದಿಗೆಲ್ಲ ಕೇಳುತ್ತದೆ. ವಿಡಿಯೊ ಮಾಡಿ ಹಾಕೋಣವೆನಿಸುತ್ತದೆ.

ಹಾಕಬೇಡಿ. ಇಂಥ ಮಗುವಿನ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಡಿ ಅಪರಾಧ, ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ. ಒಳ್ಳೆಯ ಮನಸ್ಸಿನಿಂದ ವಾಟ್ಸ್‌ಆ್ಯಪಿಗೆ ಹಾಕಿದವರೇ ಕೇಸಿಗೆ ಸಿಕ್ಕಿಕೊಳ್ಳಬಹುದು. ಮೇಲಾಗಿ ಆ ಹುಡುಗ ನಾಳೆ ಅದೇ ಊರಿನ ಶಾಲೆಗೆ ಹೋಗಬೇಕಲ್ಲ.

ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಯಾವಾಗಲಾದರೂ. ಹೆಸರು ಹೇಳಲೇಬೇಕೆಂದಿಲ್ಲ. ‘ತುಂಬಾ ಹೊಡೀತಾರೆ’ ಎಂದರೆ ಅವರಿಗೆ ಉಪಯೋಗವಿಲ್ಲ. ಮನೆಯ ಗುರುತು, ಹುಡುಗನ ಅಂದಾಜು ವಯಸ್ಸು, ಯಾವ ಹೊತ್ತಿಗೆ ಹೊಡೆಯುತ್ತಾರೆ, ಯಾವುದರಿಂದ, ಎಲ್ಲಿ ಗಾಯ ಕಂಡಿರಿ, ಶಾಲೆಗೆ ಹೋಗುತ್ತಾನೆಯೇ, ಮನೆಯಲ್ಲಿ ಇನ್ನೂ ಚಿಕ್ಕವರಿದ್ದಾರೆಯೇ, ಇವನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡು ಹೇಳಿ. ಈಗಲೇ ಜೀವಕ್ಕೆ ಅಪಾಯವೆನಿಸಿದರೆ 112.

ಮುಂದಿನದು ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಮತ್ತು ಮಕ್ಕಳ ಕಲ್ಯಾಣ ಸಮಿತಿಯ ಕೆಲಸ. ಸಮಿತಿಯಲ್ಲಿ ಅಧ್ಯಕ್ಷರಲ್ಲದೆ ನಾಲ್ವರು ಸದಸ್ಯರು, ಒಬ್ಬರಾದರೂ ಮಹಿಳೆ ಇರಲೇಬೇಕು. ಮಗುವನ್ನು ಕರೆತಂದರೆ 24 ಗಂಟೆಯೊಳಗೆ ಅವರ ಮುಂದೆ ಹಾಜರುಪಡಿಸಬೇಕು. ಸಾಮಾಜಿಕ ತನಿಖೆಗೆ 15 ದಿನ. ಮಗುವನ್ನು ಬಾಲಮಂದಿರಕ್ಕೆ ಕಳಿಸುವುದು ಕಾಯ್ದೆಯ ಪ್ರಕಾರ ಕಟ್ಟಕಡೆಯ ದಾರಿ. ಮೊದಲು ನೋಡುವುದು ಅಪ್ಪನ ಕುಡಿತ ಬಿಡಿಸಲಾದೀತೇ, ಅಜ್ಜಿಯ ಮನೆಯಲ್ಲಿ ಇರಿಸಲಾದೀತೇ ಎಂದು. ಒಂದು ವಾರ ಏನೂ ಆಗದಿದ್ದರೆ ಮತ್ತೆ ಫೋನ್ ಮಾಡಿ, ಹಿಂದಿನ ಕರೆಯ ದಿನಾಂಕ ಹೇಳಿ.

ಬೆಂಗಳೂರಿನಿಂದ: ಇಷ್ಟೆಲ್ಲಾ ಕಲಂಗಳಿರುವಾಗ ಹೊಸ ನಿಷೇಧ ಬೇಕೆ? ಬಂದರೆ ಮಕ್ಕಳೇ ಅಪ್ಪ ಅಮ್ಮನ ಮೇಲೆ ಕಂಪ್ಲೇಂಟ್ ಕೊಡುತ್ತಾ ಕೂರುವುದಿಲ್ಲವೇ?

ಬೇಕು. ಆದರೆ ಎಲ್ಲರೂ ಕಲ್ಪಿಸಿಕೊಳ್ಳುವಂಥ ನಿಷೇಧವಲ್ಲ.

ಜಗತ್ತಿನಲ್ಲೇ ಮೊದಲು ಇದನ್ನು ಮಾಡಿದ ಸ್ವೀಡನ್ನನ್ನು ನೋಡಿ. 1979ರಲ್ಲಿ ಬಂದ ಆ ನಿಷೇಧ ಇರುವುದು ಅಪರಾಧ ಸಂಹಿತೆಯಲ್ಲಲ್ಲ, ಪೋಷಕತ್ವದ ಸಿವಿಲ್ ಕಾನೂನಿನಲ್ಲಿ. ಅದಕ್ಕೆ ತನ್ನದೇ ಆದ ಜೈಲೂ ಇಲ್ಲ, ದಂಡವೂ ಇಲ್ಲ. ಜೋರಾಗಿ ಹೊಡೆದವರಿಗೆ ಹಲ್ಲೆಯ ಕಾನೂನು ಮೊದಲೇ ಇತ್ತು. ಮಕ್ಕಳಿದ್ದ ಮನೆಗಳಿಗೆ ಕಿರುಹೊತ್ತಗೆ ಹಂಚಿದರು, ವಲಸೆ ಬಂದವರಿಗಾಗಿ ಬೇರೆ ಭಾಷೆಗಳಲ್ಲೂ ಅಚ್ಚುಹಾಕಿದರು, ಹಾಲಿನ ಪೊಟ್ಟಣಗಳ ಮೇಲೆ ಮುದ್ರಿಸಿದರು. (ನಮ್ಮ ನಂದಿನಿ ಪ್ಯಾಕೆಟ್ ಇದಕ್ಕೆ ಸಾಲದೇ?) ಇಂದು 60ಕ್ಕೂ ಹೆಚ್ಚು ದೇಶಗಳಲ್ಲಿ ನಿಷೇಧವಿದೆ. ಗಟ್ಟಿಯಾಗಿ ನಿಂತದ್ದು ಈ ಥರ ಮನೆಮನೆಗೆ ಹೇಳಿದ ಕಡೆ.

ನ್ಯೂಜಿಲೆಂಡ್ ಬೇರೆ ದಾರಿ ಹಿಡಿಯಿತು. 2007ರಲ್ಲಿ ಅಪರಾಧ ಕಾಯ್ದೆಯ 59ನೇ ಕಲಮಿನಲ್ಲಿದ್ದ ‘ಸಮಂಜಸ ಬಲಪ್ರಯೋಗ’ದ ಸಮರ್ಥನೆಯನ್ನೇ ಕಿತ್ತುಹಾಕಿದರು. ಜನಕ್ಕೆ ಸಿಟ್ಟು ಬಂತು. 2009ರ ಜನಮತದಲ್ಲಿ ಮತ ಹಾಕಿದವರ ಪೈಕಿ ಶೇ. 87.4 ಮಂದಿ, ಒಳ್ಳೆಯ ಪಾಲನೆಯ ಭಾಗವಾಗಿ ಹೊಡೆಯುವುದು ಅಪರಾಧವಾಗಬಾರದು ಎಂದರು. ಮತ ಬಂಧಕವಾಗಿರಲಿಲ್ಲ, ಸರ್ಕಾರ ಕಾನೂನನ್ನು ಉಳಿಸಿಕೊಂಡಿತು. ಉಳಿಸಿಕೊಳ್ಳಲು ನೆರವಾದದ್ದು ಆ ಕಲಮಿನೊಳಗೇ ಬರೆದಿದ್ದ ಒಂದು ಮಾತು: ತೀರಾ ಕ್ಷುಲ್ಲಕ ಪ್ರಕರಣದಲ್ಲಿ, ಸಾರ್ವಜನಿಕ ಹಿತವಿಲ್ಲದಿದ್ದರೆ, ಪೊಲೀಸರು ಮೊಕದ್ದಮೆ ಹೂಡದಿರಬಹುದು.

ಇದೆಲ್ಲ ನೋಡಿದರೆ ನಮ್ಮಲ್ಲಿ ಹೊಸ ಕಾಯ್ದೆಯೇ ಬೇಕಿಲ್ಲ, ಎರಡು ತಿದ್ದುಪಡಿ ಸಾಕು ಎಂಬುದು ನಮ್ಮ ನಿಲುವು. ನ್ಯಾಯ ಸಂಹಿತೆಯ 27ನೇ ಕಲಮಿಗೆ ‘ಶಿಸ್ತಿಗಾಗಿ ನೋಯಿಸುವುದು ಒಳಿತಿನ ಕೆಲಸವಲ್ಲ’ ಎಂಬ ಒಂದು ಸಾಲಿನ ವಿವರಣೆ. ಕಲ್ಲು ತೆಗೆಸುವ ಅಪ್ಪನಿಗೆ ಇದರಿಂದ ಏನೂ ಆಗದು. ಎರಡನೆಯದು ಬಾಲನ್ಯಾಯ ಕಾಯ್ದೆಗೆ. ‘ದೈಹಿಕ ಶಿಕ್ಷೆ’ಯ ವ್ಯಾಖ್ಯೆ ಅದರ 2(24)ರಲ್ಲಿ ಈಗಾಗಲೇ ಇದೆ, ‘ಯಾವುದೇ ವ್ಯಕ್ತಿ’ ಶಿಸ್ತಿಗಾಗಿ ನೋಯಿಸುವುದು ಎಂದೇ ಇದೆ. ಆದರೆ ಅದನ್ನು ನಿಷೇಧಿಸುವ 82ನೇ ಕಲಂ ಸಂಸ್ಥೆಯ ಗೇಟಿನಲ್ಲೇ ನಿಂತುಬಿಡುತ್ತದೆ. ಮನೆಗೂ ವಿಸ್ತರಿಸಿ, ಮೊದಲ ಸಲಕ್ಕೆ ಶಿಕ್ಷೆಯ ಬದಲು ಕಡ್ಡಾಯ ಸಮಾಲೋಚನೆ ಇಡಬೇಕು. ಜೈಲು ಇಟ್ಟರೆ ಕೆಡುತ್ತದೆ. ದಿನಗೂಲಿಯ ಅಪ್ಪ ಒಳಗೆ ಹೋದರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ, ಅದು ಗೊತ್ತಿರುವ ಮಗು ಬಾಯಿ ಬಿಡುವುದಿಲ್ಲ, ಪೊಲೀಸರೂ ‘ಹೋಗಲಿ ಬಿಡಿ’ ಎಂದು ಕಳಿಸುತ್ತಾರೆ. ವಿಚ್ಛೇದನದ ಜಗಳದಲ್ಲಿ ಮಗುವಿನ ಸುಪರ್ದಿಗಾಗಿ ಈ ಕಲಮನ್ನು ಆಯುಧ ಮಾಡಿಕೊಳ್ಳುವವರೂ ಹುಟ್ಟುತ್ತಾರೆ. ಸಮಾಲೋಚನೆಗೆ ಜನವಾದರೂ ಇದ್ದಾರೆಯೇ ಎಂದರೆ, ಸಾಲದು. ತಿದ್ದುಪಡಿಗೆ ಮುಂಚೆ ಹಣ ಹೋಗಬೇಕಾದದ್ದು ಅಲ್ಲಿಗೆ.

ಮಕ್ಕಳು ದೂರು ಕೊಡುತ್ತಾ ಕೂರುತ್ತಾರೆ ಎಂಬ ಭಯಕ್ಕೆ ಒಂದು ಅಂಕಿ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತ್ತು. ಮೂವರಲ್ಲಿ ಇಬ್ಬರು ದೈಹಿಕ ಹಿಂಸೆ ಅನುಭವಿಸಿದ್ದರು. ಮನೆಯೊಳಗೆ ಹಾಗೆ ಅನುಭವಿಸಿದವರಲ್ಲಿ ಶೇ. 88.6 ಮಂದಿಗೆ ಹೊಡೆದವರು ಹೆತ್ತವರೇ. ದೂರು ಕೊಡುವ ಮಕ್ಕಳಿಗಿಂತ ದೂರು ಕೊಡದ ಮಕ್ಕಳ ಸಾಲೇ ಉದ್ದ, ಮುಂದಿನ ಪತ್ರ ಓದಿ.

ಊರು ಹಾಕಿಲ್ಲ: ನನಗೆ 14 ವರ್ಷ. ಅಪ್ಪ ಬೆಲ್ಟಿನಿಂದ ಹೊಡೆಯುತ್ತಾರೆ. 1098ಕ್ಕೆ ಫೋನ್ ಮಾಡಿದರೆ ಅಪ್ಪನನ್ನು ಜೈಲಿಗೆ ಹಾಕುತ್ತಾರಾ? ಅಪ್ಪ ಜೈಲಿಗೆ ಹೋಗುವುದು ನನಗೆ ಬೇಡ.

ಫೋನ್ ಮಾಡಿದ ಮಾತ್ರಕ್ಕೆ ಜೈಲಿಗೆ ಹಾಕುವುದಿಲ್ಲ. ನೀನು ಬರೆದ ಈ ಕೊನೆಯ ಮಾತನ್ನೇ ಅವರಿಗೂ ಹೇಳು. ಸಮಿತಿಯವರು ನಿನ್ನ ಮಾತು ಕೇಳಲೇಬೇಕು, ನಿನಗೆ ಏನು ಬೇಕು ಎಂದು ಕೇಳುವುದು ಅವರ ಕರ್ತವ್ಯ.

1098ಕ್ಕೆ ದುಡ್ಡು ಬೇಡ, ಕರೆನ್ಸಿ ಇಲ್ಲದ ಫೋನಿನಿಂದಲೂ ಹೋಗುತ್ತದೆ. ಮನೆಯ ಫೋನಿನಿಂದ ಮಾಡಿದರೆ ಆಮೇಲೆ ಆ ಕರೆಯನ್ನು ಅಳಿಸಿಬಿಡು. ಇಲ್ಲವೇ ಶಾಲೆಯಲ್ಲಿ ನಿನಗೆ ಹಿಡಿಸುವ ಟೀಚರ್ ಯಾರಾದರೂ ಇದ್ದರೆ ಅವರ ಫೋನಿನಿಂದ ಮಾಡು. ಕನ್ನಡದಲ್ಲೇ ಮಾತಾಡಬಹುದು. ಮೊದಲ ಸಲ ಹೆಸರು ಹೇಳಲು ಭಯವಾದರೆ ಹೇಳಬೇಡ, ವಯಸ್ಸು ಮತ್ತು ಊರು ಹೇಳಿ ‘ಹೇಳಿದರೆ ಮುಂದೆ ಏನಾಗುತ್ತದೆ?’ ಎಂದಷ್ಟೇ ಕೇಳು. ಮನಸ್ಸು ತುಂಬಾ ಕುಗ್ಗಿದೆ, ಬದುಕೇ ಬೇಡ ಅನ್ನಿಸುತ್ತಿದೆ ಎಂದರೆ 14416 ಇದೆ, ಟೆಲಿ ಮಾನಸ್, ಅದೂ ಉಚಿತ, ರಾತ್ರಿಯೂ ಇರುತ್ತಾರೆ.

ಬೆಲ್ಟಿನ ಬಕ್ಕಲ್ ತಗುಲಿ ಚರ್ಮ ಹರಿದಿದ್ದರೆ ಸೋಪು ನೀರಿನಿಂದ ತೊಳೆದು ಸರ್ಕಾರಿ ಆಸ್ಪತ್ರೆಗೆ ಹೋಗು. ಟಿಟಿ ಇಂಜೆಕ್ಷನ್ ಬೇಕಾಗಬಹುದು. ಹೇಗಾಯಿತು ಎಂದು ಡಾಕ್ಟರ್ ಕೇಳಿದಾಗ ಬಿದ್ದೆ ಎನ್ನಬೇಡ.